ಹೊಸ ಸದ್ದಿಗೆ ಹಳೆಯ ಧೂಳು: ಪೋರ್ಟಿಸ್‌ಹೆಡ್ ಬ್ಯಾಂಡಿನ ಮೂರು ಆಲ್ಬಮ್‌ಗಳು

ಇಂಗ್ಲೆಂಡಿನ ಪೋರ್ಟಿಸ್‌ಹೆಡ್ ಬ್ಯಾಂಡ್ 1994, 1997 ಮತ್ತು 2008ರಲ್ಲಿ ಒಂದೊಂದು ಸ್ಟುಡಿಯೋ ಆಲ್ಬಮ್ ಹೊರತಂದಿತು, ನಾಲ್ಕನೆಯದು ಬಂದಿಲ್ಲ. ಲೆಕ್ಕಕ್ಕೆ ಇಷ್ಟೇ ಆದರೂ ಹಿಪ್ ಹಾಪ್ ಲಯವನ್ನು ನಿಧಾನಗೊಳಿಸಿದ ಟ್ರಿಪ್ ಹಾಪ್ ಎಂಬ ಸಂಗೀತ ಪ್ರಕಾರದ ಮಾತು ಬಂದಲ್ಲೆಲ್ಲ ಮ್ಯಾಸಿವ್ ಅಟ್ಯಾಕ್ ಮತ್ತು ಟ್ರಿಕಿಯ ಜೊತೆಗೆ ಈ ಹೆಸರೂ ಬಂದೇ ಬರುತ್ತದೆ. ಇದನ್ನು ಸೋಮಾರಿತನದ ಕಥೆಯೆಂದೋ ಪ್ರತಿಭೆ ಬೇಗ ಬತ್ತಿದ ಕಥೆಯೆಂದೋ ಓದುವವರಿದ್ದಾರೆ. ಆದರೆ ಈ ಮೂವರು ಸಂಗೀತಗಾರರು ಸದ್ದನ್ನು ತಯಾರಿಸುತ್ತಿದ್ದ ರೀತಿಯನ್ನು ತಿಳಿದುಕೊಂಡರೆ ಬೇರೆಯೇ ಚಿತ್ರ ಕಾಣುತ್ತದೆ. ಬೇರೆಯವರ ಧ್ವನಿಮುದ್ರಿಕೆಗಳಿಂದ ಎರವಲು ತಂದ ತುಣುಕುಗಳೊಂದಿಗೆ ಅವರು ಹೊರಟರು, ನಂತರ ಎರವಲನ್ನು ಕೈಬಿಟ್ಟು ಅದೇ ಬಗೆಯ ಹಳೆಯ ಸದ್ದನ್ನು ತಾವೇ ಹೊಸದಾಗಿ ಮಾಡತೊಡಗಿದರು, ಆ ಸದ್ದು ಎಲ್ಲರ ಮನೆಮಾತಾದ ಮೇಲೆ ಅದನ್ನೂ ಬಿಟ್ಟರು. ಆಲ್ಬಮ್‌ಗಳ ನಡುವಿನ ದೀರ್ಘ ಮೌನಕ್ಕೆ ಮುಖ್ಯ ಕಾರಣವನ್ನು ನಾನು ಈ ಬಿಡುವಿಕೆಯಲ್ಲಿಯೇ ಕಾಣುತ್ತೇನೆ.

ಈ ಬ್ಯಾಂಡ್ ರೂಪುಗೊಂಡದ್ದು ಇಂಗ್ಲೆಂಡಿನ ಬಂದರು ನಗರವಾದ ಬ್ರಿಸ್ಟಲ್‌ನಲ್ಲಿ. ಬ್ರಿಸ್ಟಲ್ ಎಂದರೆ ಭಾರತದ ಓದುಗರಿಗೆ ನೆನಪಾಗುವುದು 1833ರಲ್ಲಿ ಅಲ್ಲಿ ತೀರಿಕೊಂಡ ರಾಜಾ ರಾಮಮೋಹನ ರಾಯರು. ಅವರ ಸಮಾಧಿ ಇಂದಿಗೂ ಆ ನಗರದ ಆರ್ನೋಸ್ ವೇಲ್ ಸ್ಮಶಾನದಲ್ಲಿದೆ. ಸಂಗೀತದ ಮಟ್ಟಿಗೆ ಮುಖ್ಯವಾಗುವುದು ಆ ಬಂದರಿನ ಇನ್ನೊಂದು ಚರಿತ್ರೆ. ಹದಿನೆಂಟನೆಯ ಶತಮಾನದಲ್ಲಿ ಗುಲಾಮರ ವ್ಯಾಪಾರದಿಂದ ಶ್ರೀಮಂತವಾದ ಈ ನಗರಕ್ಕೆ ಎರಡನೆಯ ಮಹಾಯುದ್ಧದ ನಂತರ ಜಮೈಕಾ ಮೊದಲಾದ ಕೆರಿಬಿಯನ್ ದ್ವೀಪಗಳಿಂದ ಸಾವಿರಾರು ಜನ ಬಂದು ನೆಲೆಸಿದರು. ಬಸ್ ಕೆಲಸದಲ್ಲಿ ಕಪ್ಪುಜನರನ್ನು ಸೇರಿಸಿಕೊಳ್ಳುವುದಿಲ್ಲವೆಂಬ ನಿಲುವಿನ ವಿರುದ್ಧ 1963ರಲ್ಲಿ ಅಲ್ಲಿ ಬಸ್ ಬಹಿಷ್ಕಾರ ನಡೆಯಿತು. 1980ರ ಏಪ್ರಿಲ್‌ನಲ್ಲಿ ಸೇಂಟ್ ಪಾಲ್ಸ್ ಬಡಾವಣೆಯಲ್ಲಿ ಗಲಭೆಯಾಯಿತು. ಈ ಜನರು ತಮ್ಮೊಂದಿಗೆ ತಂದ ಸಂಸ್ಕೃತಿಯಲ್ಲಿ ಸೌಂಡ್ ಸಿಸ್ಟಮ್ ಎಂಬುದೂ ಒಂದು. ಆಳೆತ್ತರದ ಸ್ಪೀಕರ್‌ಗಳನ್ನು ಜೋಡಿಸಿ, ರೆಗೆ ಮತ್ತು ಡಬ್ ಸಂಗೀತದ ತಟ್ಟೆಗಳನ್ನು ಹಾಕಿ, ಮೈಕಿನಲ್ಲಿ ಮಾತು ಹೆಣೆಯುತ್ತ ರಾತ್ರಿಯಿಡೀ ಜನರನ್ನು ಕುಣಿಸುವ ವ್ಯವಸ್ಥೆ ಅದು. ಡಬ್ ಎಂದರೆ ಸಿದ್ಧವಾದ ಹಾಡೊಂದರಿಂದ ಗಾಯನವನ್ನೂ ವಾದ್ಯಗಳನ್ನೂ ಒಂದೊಂದಾಗಿ ತೆಗೆದು, ಉಳಿದ ಬೇಸ್ ಮತ್ತು ಡ್ರಮ್ಮಿಗೆ ಪ್ರತಿಧ್ವನಿ ಸೇರಿಸಿ ಹೊಸ ರೂಪ ಕೊಡುವ ಕ್ರಮ. ಹಾಡನ್ನು ಕಟ್ಟುವುದಕ್ಕಿಂತ ಬಿಚ್ಚುವುದರಲ್ಲಿ ಹೆಚ್ಚು ಆಸಕ್ತಿಯಿರುವ ಈ ಮನೋಭಾವ ಬ್ರಿಸ್ಟಲ್‌ನ ಮುಂದಿನ ಸಂಗೀತಕ್ಕೆಲ್ಲ ಅಡಿಪಾಯವಾಯಿತು.

1980ರ ದಶಕದಲ್ಲಿ ಹಳೆಯ ರೆಕಾರ್ಡುಗಳ ಲಯದ ಮೇಲೆ ಮಾತು ಹೆಣೆಯುವ ನ್ಯೂಯಾರ್ಕಿನ ಹಿಪ್ ಹಾಪ್ ಅಲ್ಲಿಗೆ ಬಂದಾಗ ಸೌಂಡ್ ಸಿಸ್ಟಮ್ ನಡೆಸುತ್ತಿದ್ದ ಹುಡುಗರಿಗೆ ಅದು ಪರಕೀಯವೆನಿಸಲಿಲ್ಲ. ವೈಲ್ಡ್ ಬಂಚ್ ಎಂಬ ಅಂತಹ ಗುಂಪೊಂದರಿಂದ ಮ್ಯಾಸಿವ್ ಅಟ್ಯಾಕ್ ಹುಟ್ಟಿತು. ಅದರ ಮೊದಲ ಆಲ್ಬಮ್ ‘ಬ್ಲೂ ಲೈನ್ಸ್’ 1991ರಲ್ಲಿ ಬಂದಿತು. ಬ್ರಿಟನ್ನಿನ ಕ್ಲಬ್‌ಗಳಲ್ಲಿ ಆಗ ನಡೆಯುತ್ತಿದ್ದ ರೇವ್ ಸಂಗೀತದ ವೇಗ ನಿಮಿಷಕ್ಕೆ 120 ಬಡಿತಗಳಿಂದ ಮೇಲಕ್ಕೇ ಇರುತ್ತಿದ್ದರೆ ಬ್ರಿಸ್ಟಲ್‌ನವರು 90ರ ಆಸುಪಾಸಿಗೆ, ಎಷ್ಟೋ ಸಲ ಅದಕ್ಕೂ ಕೆಳಗೆ, ಇಳಿದರು. ಕುಣಿಯುವವರಿಗಿಂತ ಕುಳಿತು ಕೇಳುವವರಿಗೆ ಒಗ್ಗುವ ವಿಳಂಬಗತಿ ಅದು.

ಪೋರ್ಟಿಸ್‌ಹೆಡ್ ಎಂಬುದು ಬ್ರಿಸ್ಟಲ್‌ನಿಂದ ಪಶ್ಚಿಮಕ್ಕೆ ಸುಮಾರು 13 ಕಿಲೋಮೀಟರ್ ದೂರದಲ್ಲಿ, ಸೆವರ್ನ್ ನದಿ ಸಮುದ್ರ ಸೇರುವ ಕಡೆಯಲ್ಲಿರುವ ಒಂದು ಸಣ್ಣ ಪಟ್ಟಣ. 1971ರಲ್ಲಿ ಹುಟ್ಟಿದ ಜೆಫ್ ಬ್ಯಾರೋ ಬೆಳೆದದ್ದು ಅಲ್ಲಿ. ಸೇಂಟ್ ಪಾಲ್ಸ್‌ನ ಸೌಂಡ್ ಸಿಸ್ಟಮ್‌ಗಳ ಒಡನಾಟದಲ್ಲಿ ಬೆಳೆದ ಹುಡುಗನಲ್ಲ ಆತ; ಹಿಪ್ ಹಾಪ್ ಆತನಿಗೆ ದಕ್ಕಿದ್ದು ರೆಕಾರ್ಡುಗಳ ಮೂಲಕ. ಬ್ರಿಸ್ಟಲ್‌ನ ಕೋಚ್ ಹೌಸ್ ಸ್ಟುಡಿಯೋದಲ್ಲಿ ಟೇಪ್ ನೋಡಿಕೊಳ್ಳುವ, ಬಂದವರಿಗೆ ಚಹಾ ಮಾಡಿಕೊಡುವ ಕೆಲಸಕ್ಕೆ ಸೇರಿದ್ದಾಗ ಮ್ಯಾಸಿವ್ ಅಟ್ಯಾಕ್ ‘ಬ್ಲೂ ಲೈನ್ಸ್’ ಧ್ವನಿಮುದ್ರಣಕ್ಕೆ ಅಲ್ಲಿಗೆ ಬಂದಿತು. ದೊಡ್ಡವರ ಕೆಲಸವನ್ನು ಹತ್ತಿರದಿಂದ ನೋಡುವುದಷ್ಟೇ ಅಲ್ಲ, ಬಿಡುವಿದ್ದಾಗ ಸ್ಟುಡಿಯೋದ ಯಂತ್ರಗಳಲ್ಲಿ ತನ್ನ ಪ್ರಯೋಗ ಮಾಡಿಕೊಳ್ಳುವ ಅವಕಾಶವೂ ಆ ಚಾಕರಿಯಿಂದ ದೊರೆಯಿತು.

ಗಾಯಕಿ ಬೆತ್ ಗಿಬ್ಬನ್ಸ್ 1965ರಲ್ಲಿ ಎಕ್ಸೆಟರ್‌ನಲ್ಲಿ ಹುಟ್ಟಿ ಹಳ್ಳಿಯ ಹೊಲಮನೆಯಲ್ಲಿ ಬೆಳೆದವರು. ಬ್ರಿಸ್ಟಲ್‌ಗೆ ಬಂದು ಪಬ್‌ಗಳಲ್ಲಿ ಬೇರೆಯವರ ಹಾಡುಗಳನ್ನು ಹಾಡುತ್ತಿದ್ದರು. ಇವರಿಬ್ಬರೂ 1991ರಲ್ಲಿ ಭೇಟಿಯಾದ ಜಾಗ ಸಂಗೀತಕ್ಕೆ ಸಂಬಂಧವೇ ಇಲ್ಲದ್ದು. ಮಾರ್ಗರೆಟ್ ಥ್ಯಾಚರ್ ಸರಕಾರ ಎಂಟರ್‌ಪ್ರೈಸ್ ಅಲೋವೆನ್ಸ್ ಎಂಬ ಯೋಜನೆಯೊಂದನ್ನು ತಂದಿತ್ತು: ನಿರುದ್ಯೋಗಿಯೊಬ್ಬ ಸ್ವಂತ ಉದ್ಯೋಗ ಶುರುಮಾಡುತ್ತೇನೆಂದು ಮುಂದೆ ಬಂದು, ತನ್ನ ಬಳಿ 1000 ಪೌಂಡ್ ಇದೆಯೆಂದು ತೋರಿಸಿದರೆ ವಾರಕ್ಕೆ 40 ಪೌಂಡ್‌ನಂತೆ ಒಂದು ವರ್ಷ ಭತ್ಯೆ ಸಿಗುತ್ತಿತ್ತು. ಅಂಗಡಿ, ಗ್ಯಾರೇಜುಗಳಿಗಾಗಿ ರೂಪಿಸಿದ ಈ ಯೋಜನೆಯನ್ನು ಬ್ರಿಟನ್ನಿನ ಎಷ್ಟೋ ಸಂಗೀತಗಾರರು, ಚಿತ್ರಕಾರರು ಹೊಟ್ಟೆಪಾಡಿಗೆ ಬಳಸಿಕೊಂಡರು. ಅದರ ತರಬೇತಿಯ ವಿರಾಮದ ವೇಳೆಯಲ್ಲಿ ಬ್ಯಾರೋ ಮತ್ತು ಗಿಬ್ಬನ್ಸ್ ಮಾತಿಗೆ ತೊಡಗಿದರು. ಕಲಾವಿದರಿಗೆ ನೆರವಾಗುವ ಯಾವ ಉದ್ದೇಶವೂ ಇಲ್ಲದ ಸರಕಾರವೊಂದು ಒಂದು ಪೀಳಿಗೆಯ ಕಲೆಗೆ ಹೀಗೆ ತನಗರಿವಿಲ್ಲದೆಯೇ ಹಣ ಕೊಟ್ಟಿತೆಂಬುದು ಗಮನಿಸತಕ್ಕ ಸಂಗತಿ.

ಆ ಹೊತ್ತಿಗೆ ಗಾಯಕಿ ನೆನೆ ಚೆರಿಯ ‘ಹೋಮ್‌ಬ್ರೂ’ ಆಲ್ಬಮ್ಮಿಗಾಗಿ ಬ್ಯಾರೋಗೆ ಕೆಲಸ ಸಿಕ್ಕಿತ್ತು. ಲಂಡನ್ನಿನಲ್ಲಿದ್ದ ಆಕೆಯ ಮನೆಯ ಅಡುಗೆಕೋಣೆಯಲ್ಲಿ ಪೋರ್ಟಿಸ್‌ಹೆಡ್‌ನ ಮೊದಲ ಕರಡುಗಳು ಧ್ವನಿಮುದ್ರಣವಾದವು. ಮೂರನೆಯವರಾದ ಏಡ್ರಿಯನ್ ಅಟ್ಲಿ ಕೋಚ್ ಹೌಸ್ ಸ್ಟುಡಿಯೋದಲ್ಲಿ ಪರಿಚಯವಾದರು. 1957ರಲ್ಲಿ ಹುಟ್ಟಿದ ಅಟ್ಲಿ ಬ್ಯಾರೋಗಿಂತ ಹದಿನಾಲ್ಕು ವರ್ಷ ದೊಡ್ಡವರು, ಪಳಗಿದ ಜಾಜ್ ಗಿಟಾರ್ ವಾದಕರು. ರೆಕಾರ್ಡುಗಳನ್ನು ಮಾತ್ರ ಬಲ್ಲ ಯುವಕನಿಗೆ ಸ್ವರಸಂಯೋಜನೆ ಬಲ್ಲ ಹಿರಿಯನೊಬ್ಬ ದೊರೆತದ್ದರ ಪರಿಣಾಮ ಮುಂದಿನ ಕೆಲಸದುದ್ದಕ್ಕೂ ಕಾಣುತ್ತದೆ. ಧ್ವನಿ ಎಂಜಿನಿಯರ್ ಡೇವ್ ಮೆಕ್‌ಡೊನಾಲ್ಡ್ ಅವರನ್ನು ಆರಂಭದ ವರ್ಷಗಳ ಮಟ್ಟಿಗೆ ನಾಲ್ಕನೆಯ ಸದಸ್ಯರೆಂದೇ ಎಣಿಸಬೇಕು. ಡ್ರಮ್ ನುಡಿಸಿದ ಕ್ಲೈವ್ ಡೀಮರ್ ಕೂಡ ಅಷ್ಟೇ ಮುಖ್ಯರು.

ಇಲ್ಲಿ ಸ್ಯಾಂಪ್ಲರ್ ಎಂಬ ಯಂತ್ರದ ಬಗ್ಗೆ ಸ್ವಲ್ಪ ವಿವರಿಸಬೇಕಾಗುತ್ತದೆ. ಅದು ಯಾವುದೇ ಸದ್ದಿನ ಒಂದು ತುಣುಕನ್ನು ಅಂಕಿಗಳಾಗಿ ನೆನಪಿನಲ್ಲಿಟ್ಟುಕೊಂಡು, ಗುಂಡಿ ಒತ್ತಿದಾಗಲೆಲ್ಲ ಮತ್ತೆ ನುಡಿಸುತ್ತದೆ. ಯಾವುದೋ ಹಳೆಯ ರೆಕಾರ್ಡಿನಲ್ಲಿ ಎರಡು ಆವರ್ತ ಬರಿಯ ಡ್ರಮ್ ಇದ್ದರೆ ಅದನ್ನು ಕತ್ತರಿಸಿ, ಕೊನೆಯನ್ನು ಮೊದಲಿಗೆ ಜೋಡಿಸಿ, ಎಷ್ಟು ಹೊತ್ತು ಬೇಕಾದರೂ ಸುತ್ತಿಸಬಹುದು. ಇದಕ್ಕೆ ಲೂಪ್ ಎನ್ನುತ್ತಾರೆ. ತುಣುಕನ್ನು ನಿಧಾನಗೊಳಿಸಿದರೆ ಅದರ ಶ್ರುತಿಯೂ ಇಳಿದು ಡ್ರಮ್ಮಿಗೆ ಭಾರ ಬರುತ್ತದೆ, ತಂತಿವಾದ್ಯಗಳಿಗೆ ಮಂಕು ಕವಿಯುತ್ತದೆ. ಈಗ ಮೊಬೈಲಿನಲ್ಲಿಯೂ ಮಾಡಬಹುದಾದ ಈ ಕೆಲಸಕ್ಕೆ ಆಗ ದುಬಾರಿ ಯಂತ್ರ ಬೇಕಿತ್ತು, ಅದರ ಸಾಮರ್ಥ್ಯವೂ ಕಡಿಮೆ. 1988ರಲ್ಲಿ ಬಂದ ಆಕಾಯ್ ಎಸ್1000 ಯಂತ್ರದಲ್ಲಿ ಮೂಲತಃ ಇದ್ದ 2 ಮೆಗಾಬೈಟ್ ಸ್ಮೃತಿಯಲ್ಲಿ ಸಿ.ಡಿ. ಗುಣಮಟ್ಟದ ಸದ್ದು, ಅದೂ ಒಂದೇ ಚಾನೆಲ್ಲಿನದು, 24 ಸೆಕೆಂಡಿನಷ್ಟೂ ಹಿಡಿಯುತ್ತಿರಲಿಲ್ಲ. ಆದ್ದರಿಂದ ಆ ಕಾಲದ ಸಂಗೀತಗಾರನಿಗೆ ಯಾವ ಎರಡು ಸೆಕೆಂಡು ಬೇಕು ಎಂಬ ಆಯ್ಕೆಯೇ ರಚನೆಯ ಅರ್ಧ ಕೆಲಸವಾಗಿತ್ತು.

ಇದಕ್ಕೆ ಕಾನೂನಿನ ತೊಡಕೂ ಸೇರಿಕೊಂಡಿತು. 1991ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವೊಂದು, ಗಿಲ್ಬರ್ಟ್ ಒ’ಸಲಿವನ್ ಅವರ ಹಾಡಿನ ತುಣುಕನ್ನು ಅನುಮತಿಯಿಲ್ಲದೆ ಬಳಸಿದ ರ‍್ಯಾಪರ್ ಬಿಜ್ ಮಾರ್ಕಿಯ ವಿರುದ್ಧ ತೀರ್ಪು ಕೊಟ್ಟಿತು. ಆ ಮೇಲೆ ದೊಡ್ಡ ಕಂಪನಿಗಳು ಪ್ರತಿಯೊಂದು ತುಣುಕಿಗೂ ಮುಂಚಿತವಾಗಿ ಅನುಮತಿ ಪಡೆಯಲು, ಹಣ ಕೊಡಲು, ಹಾಡಿನ ಹಕ್ಕಿನಲ್ಲಿ ಪಾಲು ಕೊಡಲು ಆರಂಭಿಸಿದವು. ನೂರಾರು ತುಣುಕುಗಳನ್ನು ಒಂದರ ಮೇಲೊಂದು ಹೇರಿ ಹಾಡು ಕಟ್ಟುವ ಸ್ವಾತಂತ್ರ್ಯ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು.

1994ರ ಆಗಸ್ಟ್ 22ರಂದು ಗೋ! ಬೀಟ್ ಕಂಪನಿ ಹೊರತಂದ ‘ಡಮ್ಮಿ’ ಈ ಹಿನ್ನೆಲೆಯಲ್ಲಿ ರೂಪುಗೊಂಡ ಆಲ್ಬಮ್. ಅದಕ್ಕೂ ಮುಂಚೆ ಬ್ಯಾಂಡಿನವರು ‘ಟು ಕಿಲ್ ಎ ಡೆಡ್ ಮ್ಯಾನ್’ ಎಂಬ ಕಪ್ಪುಬಿಳುಪು ಕಿರುಚಿತ್ರವೊಂದನ್ನು ಮಾಡಿ, ಅರವತ್ತರ ದಶಕದ ಗೂಢಚಾರಿ ಸಿನಿಮಾಗಳ ಧಾಟಿಯಲ್ಲಿ ಅದಕ್ಕೆ ತಾವೇ ಸಂಗೀತ ಕೊಟ್ಟು, ತಾವೇ ನಟಿಸಿದ್ದರು. ಆಲ್ಬಮ್ಮಿನ ಹೊದಿಕೆಯ ಮೇಲಿರುವುದು ಅದೇ ಚಿತ್ರದಲ್ಲಿನ ಗಿಬ್ಬನ್ಸ್. ಸಿನಿಮಾ ಸಂಗೀತದ ಆ ಮೋಹ ಆಲ್ಬಮ್ಮಿನ ತುಂಬ ಹರಡಿದೆ. ‘ಸವರ್ ಟೈಮ್ಸ್’ ಹಾಡಿನ ಬೆನ್ನೆಲುಬಾಗಿರುವುದು ‘ಮಿಷನ್: ಇಂಪಾಸಿಬಲ್’ ಸರಣಿಗೆ ಸಂಗೀತ ಕೊಟ್ಟ ಲಾಲೊ ಶಿಫ್ರಿನ್ ಅವರ ‘ಡ್ಯಾನ್ಯೂಬ್ ಇನ್ಸಿಡೆಂಟ್’ ಎಂಬ ರಚನೆಯ ತುಣುಕು. ಅದರಲ್ಲಿ ಕೇಳುವ ಚಿಂಬಾಲಂ, ನಮ್ಮ ಸಂತೂರ್‌ನಂತೆಯೇ ತಂತಿಗಳನ್ನು ಕಡ್ಡಿಯಿಂದ ತಟ್ಟಿ ನುಡಿಸುವ ಪೂರ್ವ ಯುರೋಪಿನ ವಾದ್ಯ. ‘ಸ್ಟ್ರೇಂಜರ್ಸ್’ ಹಾಡಿಗೆ ವೆದರ್ ರಿಪೋರ್ಟ್ ಎಂಬ ಜಾಜ್ ತಂಡದಿಂದಲೂ ‘ವಾಂಡರಿಂಗ್ ಸ್ಟಾರ್’ಗೆ ವಾರ್ ಎಂಬ ಅಮೆರಿಕನ್ ತಂಡದಿಂದಲೂ ತುಣುಕುಗಳು ಬಂದವು. ಇವೆಲ್ಲಕ್ಕೂ ಹೊದಿಕೆಯ ಮೇಲೆ ಶ್ರೇಯ ಸಲ್ಲಿಸಲಾಗಿದೆ.

ಎರವಲು ಎಂದಾಕ್ಷಣ ನಕಲು ಎಂದು ಭಾವಿಸುವವರು ‘ಗ್ಲೋರಿ ಬಾಕ್ಸ್’ ಹಾಡನ್ನು ಗಮನವಿಟ್ಟು ಕೇಳಬೇಕು. ಐಸಾಕ್ ಹೇಯ್ಸ್ 1971ರ ‘ಬ್ಲ್ಯಾಕ್ ಮೋಸೆಸ್’ ಆಲ್ಬಮ್ಮಿನಲ್ಲಿ ‘ಐಕ್ಸ್ ರ‍್ಯಾಪ್ 2’ ಎಂಬ ತುಣುಕನ್ನು ಸೇರಿಸಿದ್ದರು. ಕೆಳಗಿಳಿಯುವ ಬೇಸ್ ಸ್ವರಗಳ ಮೇಲೆ ಪಿಟೀಲುಗಳು ತೇಲುತ್ತಿರುವಾಗ ಆತ ಪ್ರೇಯಸಿಯೊಂದಿಗೆ ತಗ್ಗುದನಿಯಲ್ಲಿ ಮಾತನಾಡುತ್ತಾರೆ. ಪೋರ್ಟಿಸ್‌ಹೆಡ್ ಆ ಇಳಿಜಾರನ್ನು ತೆಗೆದುಕೊಂಡು ಸುತ್ತಿಸಿತು. ಅದೇ ಇಳಿಜಾರನ್ನು ಬ್ರಿಸ್ಟಲ್‌ನವನೇ ಆದ ಟ್ರಿಕಿ 1995ರ ‘ಮ್ಯಾಕ್ಸಿನ್‌ಕ್ವೇ’ ಆಲ್ಬಮ್ಮಿನ ‘ಹೆಲ್ ಈಸ್ ರೌಂಡ್ ದ ಕಾರ್ನರ್’ ಹಾಡಿಗೆ ಬಳಸಿಕೊಂಡ. ಟ್ರಿಕಿಯ ಕೈಯಲ್ಲಿ ಅದು ಉಸಿರುಗಟ್ಟಿದ ಕೋಣೆಯಾಗುತ್ತದೆ: ಗೊಣಗುವ ಮಾತು ಮುಂದಕ್ಕೆ ಹೋಗದೆ ಅಲ್ಲಲ್ಲೇ ಸುತ್ತುತ್ತದೆ, ಹಾಡಿಗೆ ಶಿಖರವೆಂಬುದೇ ಇಲ್ಲ. ಪೋರ್ಟಿಸ್‌ಹೆಡ್‌ನಲ್ಲಿ ಅದು ಒಂದು ನಾಟಕದ ರಂಗಸಜ್ಜಿಕೆ. ಗಿಬ್ಬನ್ಸ್ ಮೊದಲು ಸಣ್ಣ ದನಿಯಲ್ಲಿ, ಹೆಚ್ಚು ಕಡಿಮೆ ವ್ಯಂಗ್ಯದಲ್ಲಿ ಶುರುಮಾಡುತ್ತಾರೆ. ಅಟ್ಲಿಯ ಗಿಟಾರ್ ನಡುವೆ ಕಿತ್ತುಕೊಂಡು ಏಳುತ್ತದೆ. ಕೊನೆಗೆ ಡ್ರಮ್ ಸದ್ದು ಇದ್ದಕ್ಕಿದ್ದಂತೆ ಒಡೆದು ಒರಟಾಗಿ ಇಡೀ ಹಾಡು ನೆಲಕ್ಕೆ ಕುಸಿಯುವಂತೆ ಕೇಳುತ್ತದೆ. ಒಂದೇ ಊರು, ಒಂದೇ ಮೂಲ, ಕೆಲವೇ ತಿಂಗಳುಗಳ ಅಂತರ. ಎರಡು ಹಾಡುಗಳ ನಡುವೆ ಮೂಲವನ್ನು ಬಿಟ್ಟರೆ ಹೋಲಿಕೆ ಅತ್ಯಲ್ಪ. ಸ್ಯಾಂಪ್ಲಿಂಗ್ ಎಂಬುದು ರಚನೆಯೇ ಹೌದು ಎಂದು ವಾದಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಆದರೆ ‘ಡಮ್ಮಿ’ಯ ನಿಜವಾದ ಹೊಸತನ ಇನ್ನೊಂದು ಕಡೆ ಇದೆ. ಆಲ್ಬಮ್ಮಿನ ಹಲವು ಭಾಗಗಳನ್ನು ಬೇರೆ ರೆಕಾರ್ಡಿನಿಂದ ತೆಗೆದಿಲ್ಲ. ಬ್ಯಾಂಡಿನವರೇ ನುಡಿಸಿ, ಧ್ವನಿಮುದ್ರಿಸಿ, ಆ ಮುದ್ರಣವನ್ನು ವಿನೈಲ್ ತಟ್ಟೆಗೆ ಒತ್ತಿಸಿದ್ದಾರೆ. ನಂತರ ಬ್ಯಾರೋ ಆ ತಟ್ಟೆಯನ್ನು ಟರ್ನ್‌ಟೇಬಲ್ ಮೇಲಿಟ್ಟು, ಬೇರೆ ಯಾರದೋ ಹಳೆಯ ರೆಕಾರ್ಡು ಎಂಬಂತೆ ಕೈಯಿಂದ ಹಿಂದೆ ಮುಂದೆ ತಿರುಗಿಸಿ, ತುಣುಕು ಕತ್ತರಿಸಿ, ಸ್ಯಾಂಪ್ಲರ್‌ಗೆ ಸೇರಿಸಿದರು. ಹೊಸ ತಟ್ಟೆಯ ಸದ್ದು ತೀರ ಶುಚಿಯಾಗಿದೆಯೆನಿಸಿದಾಗ ಅದನ್ನು ಸ್ಟುಡಿಯೋದ ನೆಲದ ಮೇಲೆ ಹಾಕಿ ತುಳಿದಾಡಿದರು, ಸ್ಕೇಟ್‌ಬೋರ್ಡಿನಂತೆ ಅದರ ಮೇಲೆ ಜಾರಿದರು. ಸ್ಪೀಕರ್ ಹರಿದ ಆಂಪ್ಲಿಫೈಯರ್ ಒಂದರ ಮೂಲಕ ಸದ್ದನ್ನು ಹಾಯಿಸಿ ಮತ್ತೆ ಮುದ್ರಿಸಿಕೊಂಡರು. ಮಾವಿನಕಾಯಿಯನ್ನು ಉಪ್ಪಿನಲ್ಲಿ ಹಾಕಿ ಕಾಯುವ ಬದಲು ಒಂದೇ ದಿನದಲ್ಲಿ ವರ್ಷದ ಹಳೆಯ ಉಪ್ಪಿನಕಾಯಿಯ ರುಚಿ ಬರಿಸುವ ಸಾಹಸ ಇದು.

ವಿನೈಲ್ ತಟ್ಟೆಯಲ್ಲಿ ಸದ್ದು ಇರುವುದು ಗೆರೆಯ ಅಂಕುಡೊಂಕಿನ ರೂಪದಲ್ಲಿ. ಮುಳ್ಳು ಆ ಗೆರೆಯಲ್ಲಿ ಸಾಗುವಾಗ ಧೂಳಿನ ಕಣಕ್ಕೆ ತಾಗಿದರೆ ಪಟಪಟ ಸದ್ದಾಗುತ್ತದೆ, ಗೀರಿಗೆ ತಾಗಿದರೆ ಟಕ್ ಎನ್ನುತ್ತದೆ. ಮತ್ತೆ ಮತ್ತೆ ನುಡಿಸಿದ ತಟ್ಟೆಯಲ್ಲಿ ತಾರಸ್ಥಾಯಿಯ ಸೂಕ್ಷ್ಮ ಅಂಕುಡೊಂಕುಗಳು ಮೊದಲು ಸವೆಯುವುದರಿಂದ ಸದ್ದಿನ ಹೊಳಪು ಹೋಗಿ ನಡುಭಾಗ ಮಾತ್ರ ಉಳಿಯುತ್ತದೆ. ಕೇಳುಗನ ಕಿವಿ ಇವೆಲ್ಲವನ್ನೂ ಕಾಲದ ಗುರುತುಗಳೆಂದು ಓದುತ್ತದೆ. ಪೋರ್ಟಿಸ್‌ಹೆಡ್ ಮಾಡಿದ್ದು ಆ ಗುರುತುಗಳನ್ನೇ ವಾದ್ಯವಾಗಿಸಿದ್ದು. ಇದರ ಬೇರು ಜಮೈಕಾದ ಪದ್ಧತಿಯಲ್ಲಿದೆ ಎಂದು ನನಗನ್ನಿಸುತ್ತದೆ: ಸೌಂಡ್ ಸಿಸ್ಟಮ್ ನಡೆಸುವವರು ಎದುರಾಳಿಯ ಬಳಿ ಇಲ್ಲದ ಹಾಡು ಬೇಕೆಂದು ಡಬ್‌ಪ್ಲೇಟ್ ಎಂಬ ಒಂದೇ ಪ್ರತಿಯ ಮೃದುವಾದ ತಟ್ಟೆ ಮಾಡಿಸುತ್ತಿದ್ದರು, ಅದು ಕೆಲವು ಹತ್ತು ಸಲ ನುಡಿಸುವಷ್ಟರಲ್ಲಿ ಸವೆದುಹೋಗುತ್ತಿತ್ತು. ತನಗಾಗಿಯೇ ತಟ್ಟೆ ಒತ್ತಿಸಿಕೊಳ್ಳುವುದು ಬ್ರಿಸ್ಟಲ್‌ನಲ್ಲಿ ವಿಚಿತ್ರವೆನಿಸುವ ಕೆಲಸವಾಗಿರಲಿಲ್ಲ.

ಈ ಎಲ್ಲ ಯಂತ್ರಚಾತುರ್ಯದ ಮೇಲೆ ಗಿಬ್ಬನ್ಸ್ ಅವರ ದನಿ ಇಲ್ಲದಿದ್ದರೆ ‘ಡಮ್ಮಿ’ ಕುತೂಹಲಕರ ಪ್ರಯೋಗವಾಗಿ ಉಳಿಯುತ್ತಿತ್ತೇನೋ. ಆ ಕಾಲದ ನೃತ್ಯ ಸಂಗೀತದಲ್ಲಿ ಗಾಯಕಿಯರಿಗೆ ಸಾಮಾನ್ಯವಾಗಿ ಸಿಗುತ್ತಿದ್ದುದು ಒಂದೆರಡು ಸಾಲಿನ ಅಬ್ಬರದ ಪಲ್ಲವಿ. ಗಿಬ್ಬನ್ಸ್ ಪೂರ್ತಿ ಹಾಡು ಬರೆದರು, ಅದನ್ನು ಮೈಕಿಗೆ ತೀರ ಹತ್ತಿರದಿಂದ, ಉಸಿರು ಕೇಳುವಷ್ಟು ಮೆಲ್ಲಗೆ ಹಾಡಿದರು. ‘ರೋಡ್ಸ್’ ಹಾಡಿನಲ್ಲಿ ಕಂಪಿಸುವ ಎಲೆಕ್ಟ್ರಿಕ್ ಪಿಯಾನೊ, ನಿಧಾನದ ಡ್ರಮ್, ಪಿಟೀಲುಗಳ ಅಲೆಯ ನಡುವೆ ಅವರ ದನಿ ಒಡೆದೇಬಿಡುತ್ತದೆಯೇನೋ ಎಂಬಲ್ಲಿ ಒಡೆಯದೆ ನಿಲ್ಲುತ್ತದೆ. ಸಂದರ್ಶನಗಳಿಂದ ಅವರು ಬಹುಮಟ್ಟಿಗೆ ದೂರ ಉಳಿದರು. ಪತ್ರಿಕೆಗಳೊಂದಿಗೆ ಮಾತನಾಡುವ ಕೆಲಸ ಬ್ಯಾರೋ ಮತ್ತು ಅಟ್ಲಿಯವರ ಪಾಲಿಗೆ ಬಂತು.

ಯಶಸ್ಸು ಬೇಗ ಬಂತು. 1995ರ ಜನವರಿಯಲ್ಲಿ ‘ಗ್ಲೋರಿ ಬಾಕ್ಸ್’ ಮಾರಾಟದ ಲೆಕ್ಕದ ಬ್ರಿಟಿಷ್ ಪಟ್ಟಿಯಲ್ಲಿ 13ನೆಯ ಸ್ಥಾನಕ್ಕೇರಿತು. ಅದೇ ವರ್ಷ ಓಯೆಸಿಸ್, ಪಿ.ಜೆ. ಹಾರ್ವಿ, ಟ್ರಿಕಿಯಂತಹವರು ಸ್ಪರ್ಧೆಯಲ್ಲಿದ್ದರೂ ಬ್ರಿಟನ್ ಮತ್ತು ಐರ್ಲೆಂಡಿನ ವರ್ಷದ ಅತ್ಯುತ್ತಮ ಆಲ್ಬಮ್ಮಿಗೆ ಕೊಡುವ ಮರ್ಕ್ಯುರಿ ಪ್ರಶಸ್ತಿ ‘ಡಮ್ಮಿ’ಗೆ ಸಂದಿತು. ಇದರೊಂದಿಗೆ ಟ್ರಿಪ್ ಹಾಪ್ ಎಂಬ ಹಣೆಪಟ್ಟಿಯೂ ಅಂಟಿಕೊಂಡಿತು. ಮಿಕ್ಸ್‌ಮ್ಯಾಗ್ ಪತ್ರಿಕೆಯಲ್ಲಿ 1994ರ ಜೂನ್‌ನಲ್ಲಿ ಆ ಹೆಸರು ಕಾಣಿಸಿಕೊಂಡಾಗ ಅದರ ಮುಖ್ಯ ಉದಾಹರಣೆ ಕ್ಯಾಲಿಫೋರ್ನಿಯಾದ ಡಿ.ಜೆ. ಶ್ಯಾಡೊ ಆಗಿದ್ದ, ಬ್ರಿಸ್ಟಲ್‌ನವರ ಮೇಲೆ ಅದು ಆಮೇಲೆ ಬಂದು ಕುಳಿತುಕೊಂಡಿತು, ಅವರಲ್ಲಿ ಯಾರಿಗೂ ಅದು ಹಿಡಿಸಲಿಲ್ಲ. ಹೆಸರಿಗಿಂತ ಹೆಚ್ಚು ಕಾಡಿದ್ದು ಅನುಕರಣೆ. ನಿಧಾನದ ಲೂಪ್, ತುಸು ಗರಗರ, ಮೇಲೊಂದು ವಿಷಾದದ ಹೆಣ್ಣುದನಿ ಎಂಬ ಸೂತ್ರ ಹಿಡಿದು ಒಂದೆರಡು ವರ್ಷಗಳಲ್ಲೇ ಹತ್ತಾರು ತಂಡಗಳು ಬಂದವು. ಕಾಫಿ ಹೋಟೆಲುಗಳಲ್ಲಿ, ಜಾಹೀರಾತುಗಳಲ್ಲಿ, ಶ್ರೀಮಂತರ ಮನೆಯ ಔತಣಗಳಲ್ಲಿ ಆ ಸಂಗೀತ ಹಿನ್ನೆಲೆಯಾಯಿತು. ಒಂಟಿತನ, ದಿಗಿಲುಗಳ ಬಗ್ಗೆ ಮಾಡಿದ ಹಾಡು ಊಟದ ಮೇಜಿನ ಹರಟೆಗೆ ಹಿತವಾದ ಜೊತೆಯಾದದ್ದು ಬ್ಯಾರೋ ಅವರನ್ನು ಬಹಳ ಕಾಲ ಕೆರಳಿಸಿತು.

ಅದಕ್ಕೆ ಉತ್ತರವಾಗಿ 1997ರ ಸೆಪ್ಟೆಂಬರ್‌ನಲ್ಲಿ ಬಂದ ಎರಡನೆಯ ಆಲ್ಬಮ್ಮಿಗೆ ಬ್ಯಾಂಡಿನ ಹೆಸರನ್ನೇ ಇಡಲಾಯಿತು. ಇದರಲ್ಲಿ ಹೊರಗಿನ ಎರವಲು ತೀರ ಕಡಿಮೆ. ತಂತಿವಾದ್ಯ, ಕಹಳೆಗಳನ್ನು ನುಡಿಸುವವರನ್ನು ಕರೆಸಿ, ಹಳೆಯ ಸಿನಿಮಾಕ್ಕೆ ಬರೆದಂತಿರುವ ಹಿನ್ನೆಲೆ ಸಂಗೀತವನ್ನು ನುಡಿಸಿ, ಅದನ್ನು ತಟ್ಟೆಗೆ ಒತ್ತಿಸಿ, ಅದರಿಂದಲೇ ತುಣುಕು ತೆಗೆದು ಹಾಡು ಕಟ್ಟಿದರು. ಕೆಲವು ಸೆಕೆಂಡುಗಳ ಬಳಕೆಗಾಗಿ ಒಂದು ಇಡೀ ಕಾಲ್ಪನಿಕ ರೆಕಾರ್ಡ್ ಸಂಗ್ರಹವನ್ನು ಸೃಷ್ಟಿಸುವ ಈ ಕೆಲಸ ಎಷ್ಟು ದಣಿಸುವಂಥದ್ದೆಂದು ಊಹಿಸಬಹುದು. ಕೊನೆಯ ಹಾಡಾದ ‘ವೆಸ್ಟರ್ನ್ ಐಸ್’ನಲ್ಲಿ ಹಳೆಯ ಕಾಲದ ಗಾಯಕನೊಬ್ಬನ ದನಿ ಕೇಳಿಬರುತ್ತದೆ, ಹೊದಿಕೆಯಲ್ಲಿ ಅದಕ್ಕೆ ‘ಶಾನ್ ಆಟ್‌ಕಿನ್ಸ್ ಎಕ್ಸ್‌ಪೀರಿಯೆನ್ಸ್’ ಎಂಬ ತಂಡದ ಹಾಡೊಂದರಿಂದ ಎಂದು ಶ್ರೇಯವನ್ನೂ ಕೊಡಲಾಗಿದೆ. ಅಂತಹ ಹಳೆಯ ಹಾಡು ಇರಲೇ ಇಲ್ಲ. ಅದೂ ಬ್ಯಾಂಡಿನದೇ ತಯಾರಿಕೆ. ಸ್ಯಾಂಪ್ಲಿಂಗ್ ಕಾನೂನಿನ ಕಾಲದಲ್ಲಿ ಇದಕ್ಕಿಂತ ಸೊಗಸಾದ ತಮಾಷೆ ಇರಲಾರದು. ದನಿಯ ಮಟ್ಟಿಗೆ ಮಾತ್ರ ಇಲ್ಲಿ ತಮಾಷೆಯಿಲ್ಲ: ಗಿಬ್ಬನ್ಸ್ ಹೆಚ್ಚು ಮೊನಚಾಗಿ, ಕೆಲವೆಡೆ ಹಗೆತನದಿಂದಲೇ ಹಾಡುತ್ತಾರೆ. ಹಿನ್ನೆಲೆಯಾಗಿ ಕೇಳಲಾಗದ ಹಾಗೆ ಮಾಡಬೇಕೆಂಬ ಹಟ ಆಲ್ಬಮ್ಮಿನ ಉದ್ದಕ್ಕೂ ಎದ್ದು ಕಾಣುತ್ತದೆ, ಕೆಲವೊಮ್ಮೆ ಹಾಡಿಗಿಂತ ಹಟವೇ ಮುಂದಾಗುತ್ತದೆ. ‘ಡಮ್ಮಿ’ಯಷ್ಟು ಇದನ್ನು ಜನ ಪ್ರೀತಿಸದಿರುವುದಕ್ಕೆ ಅದೂ ಕಾರಣವಿರಬಹುದು.

ಆಲ್ಬಮ್ ಬಿಡುಗಡೆಗೆ ಸ್ವಲ್ಪ ಮುಂಚೆ, 1997ರ ಜುಲೈ 24ರಂದು, ನ್ಯೂಯಾರ್ಕಿನ ರೋಸ್‌ಲ್ಯಾಂಡ್ ಬಾಲ್‌ರೂಮಿನಲ್ಲಿ ಆರ್ಕೆಸ್ಟ್ರಾದೊಂದಿಗೆ ನಡೆದ ಕಛೇರಿ 1998ರಲ್ಲಿ ‘ರೋಸ್‌ಲ್ಯಾಂಡ್ ಎನ್‌ವೈಸಿ ಲೈವ್’ ಆಗಿ ಹೊರಬಂತು. ಸವೆದ ತಟ್ಟೆಯಿಂದ ಬಂದಂತೆ ಕೇಳುತ್ತಿದ್ದ ಪಿಟೀಲುಗಳನ್ನು ಇಲ್ಲಿ ಜೀವಂತ ವಾದಕರು ಎದುರಿಗೆ ಕುಳಿತು ನುಡಿಸುತ್ತಾರೆ, ಪಕ್ಕದಲ್ಲಿ ಬ್ಯಾರೋ ಟರ್ನ್‌ಟೇಬಲ್ ಮೇಲೆ ಗೀಚುತ್ತಾರೆ. ಆ ಸಿ.ಡಿ.ಯಲ್ಲಿನ ಎಲ್ಲ ಹಾಡುಗಳೂ ಆ ರಾತ್ರಿಯವಲ್ಲ, ಕೆಲವು 1998ರ ಬೇರೆ ಕಛೇರಿಗಳಿಂದ ಬಂದವು. ಆದರೂ ಈ ಬ್ಯಾಂಡನ್ನು ಮೊದಲ ಸಲ ಕೇಳುವವರಿಗೆ ನಾನು ಹೇಳುವುದು ಇದರ ದೃಶ್ಯಮುದ್ರಿಕೆಯನ್ನೇ ಮೊದಲು ನೋಡಿ ಎಂದು. ಯಾವುದು ಕೈಯ ಕೆಲಸ, ಯಾವುದು ಯಂತ್ರದ ಕೆಲಸ ಎಂಬುದು ಅಲ್ಲಿ ಕಣ್ಣಿಗೇ ಕಾಣುತ್ತದೆ.

ಪ್ರವಾಸ ಮುಗಿಯುವ ಹೊತ್ತಿಗೆ ಮೂವರೂ ದಣಿದಿದ್ದರು. ಬ್ಯಾರೋ ಕೆಲಕಾಲ ಸಂಗೀತದ ಸಹವಾಸವೇ ಬೇಡವೆಂದು ದೂರ ಉಳಿದು, ಆಸ್ಟ್ರೇಲಿಯದಲ್ಲಿದ್ದಾಗ ಇನ್ವೇಡಾ ಎಂಬ ರೆಕಾರ್ಡ್ ಕಂಪನಿ ಶುರುಮಾಡುವುದರಲ್ಲಿ ಪಾಲುಗೊಂಡರು. ಗಿಬ್ಬನ್ಸ್, ಟಾಕ್ ಟಾಕ್ ತಂಡದಲ್ಲಿದ್ದ ಪಾಲ್ ವೆಬ್ ಜೊತೆ 2002ರಲ್ಲಿ ‘ಔಟ್ ಆಫ್ ಸೀಸನ್’ ಮಾಡಿದರು. ಅದರಲ್ಲಿ ಗರಗರವೂ ಇಲ್ಲ, ಗೀಚೂ ಇಲ್ಲ, ಜಾನಪದ ಮತ್ತು ಜಾಜ್ ಧಾಟಿಯ ತಣ್ಣನೆಯ ಹಾಡುಗಳಿವೆ. 2005ರ ಫೆಬ್ರವರಿಯಲ್ಲಿ ಸುನಾಮಿ ಸಂತ್ರಸ್ತರ ನೆರವಿಗಾಗಿ ಬ್ರಿಸ್ಟಲ್‌ನಲ್ಲಿ ನಡೆದ ಕಛೇರಿಯಲ್ಲಿ ಬ್ಯಾಂಡ್ ಏಳು ವರ್ಷಗಳ ನಂತರ ಮತ್ತೆ ವೇದಿಕೆಗೆ ಬಂತು.

2008ರ ಏಪ್ರಿಲ್‌ನಲ್ಲಿ ‘ಥರ್ಡ್’ ಹೊರಬಿದ್ದಾಗ ಹಳೆಯ ಪೋರ್ಟಿಸ್‌ಹೆಡ್ ಸಿಗುತ್ತದೆಂದು ಕಾದಿದ್ದವರು ಗಲಿಬಿಲಿಗೊಂಡರು. ತಟ್ಟೆ ಗೀಚುವ ಸ್ಕ್ರ್ಯಾಚಿಂಗ್ ಇಲ್ಲ, ಹಿಪ್ ಹಾಪ್ ಲೂಪ್ ಇಲ್ಲ, ಗೂಢಚಾರಿ ಸಿನಿಮಾದ ಗಿಟಾರ್ ಇಲ್ಲ. ಆಲ್ಬಮ್ ಶುರುವಾಗುವುದು ಪೋರ್ಚುಗೀಸ್ ಭಾಷೆಯಲ್ಲಿ ಮೂರರ ನಿಯಮದ ಬಗ್ಗೆ, ಅಂದರೆ ಕೊಟ್ಟದ್ದು ಮರಳಿ ಬರುತ್ತದೆಂದು, ಎಚ್ಚರಿಸುವ ಗಂಡುದನಿಯಿಂದ. ನಂತರ ಓಡುವ ಡ್ರಮ್, ಹರಿತವಾದ ಗಿಟಾರ್, ಎರಡು ನಿಮಿಷಕ್ಕೂ ಹೆಚ್ಚು ಕಾಲ ಗಾಯನವೇ ಇಲ್ಲ. ‘ಸೈಲೆನ್ಸ್’ ಎಂಬ ಆ ಹಾಡು ಮುಗಿಯುವುದಿಲ್ಲ, ಯಾರೋ ತಂತಿ ಕಿತ್ತಂತೆ ನಡುವೆಯೇ ನಿಂತುಹೋಗುತ್ತದೆ. ‘ಮಷಿನ್ ಗನ್’ನಲ್ಲಿ ಡ್ರಮ್ ಯಂತ್ರದ ಬಡಿತ ಹೆಸರಿಗೆ ತಕ್ಕಂತೆ ಗುಂಡಿನ ಮಳೆಯಾಗಿ, ಅದರ ನಡುವೆ ಗಿಬ್ಬನ್ಸ್ ಅವರ ದನಿ ಚರ್ಚಿನ ಪ್ರಾರ್ಥನೆ ಕೇಳಿದಂತೆ ಕೇಳುತ್ತದೆ. ‘ದ ರಿಪ್’ ಸರಳ ಗಿಟಾರ್ ಮೀಟಿನಿಂದ ಹೊರಟು ನಡುದಾರಿಯಲ್ಲಿ ಸಿಂಥಸೈಜರ್‌ನ ಕೈಗೆ ಹೋಗುತ್ತದೆ. ಆ ಕೈಬದಲಾವಣೆಯ ಗಳಿಗೆ ಈ ಬ್ಯಾಂಡ್ ಮಾಡಿದ ಅತ್ಯಂತ ಸುಂದರ ಕ್ಷಣಗಳಲ್ಲೊಂದು. ಹಳೆಯದರ ಭ್ರಮೆ ಹುಟ್ಟಿಸುವ ಉಪಾಯಗಳನ್ನೆಲ್ಲ ತೆಗೆದುಹಾಕಿದ ಮೇಲೂ ಉಳಿದದ್ದು ಸದ್ದಿನ ಒರಟುತನ, ಖಾಲಿ ಜಾಗದ ಬಳಕೆ, ಮತ್ತು ಆ ದನಿ. ಅಲ್ಲಿಯವರೆಗೆ ಪೋರ್ಟಿಸ್‌ಹೆಡ್‌ನ ಗುರುತು ಎಂದುಕೊಂಡದ್ದು ಅದರ ಉಡುಪು ಮಾತ್ರವಾಗಿತ್ತು ಎಂಬುದು ‘ಥರ್ಡ್’ ಕೇಳಿದಾಗ ತಿಳಿಯುತ್ತದೆ. ಮೂರು ಆಲ್ಬಮ್‌ಗಳೂ ಬ್ರಿಟಿಷ್ ಪಟ್ಟಿಯಲ್ಲಿ ಎರಡನೆಯ ಸ್ಥಾನದವರೆಗೆ ಹೋಗಿ ಅಲ್ಲಿಯೇ ನಿಂತವೆಂಬುದು ಒಂದು ವಿಚಿತ್ರ ಕಾಕತಾಳೀಯ.

ಅಲ್ಲಿಂದ ಈಚೆಗೆ ಬ್ಯಾಂಡಿನ ಹೆಸರಿನಲ್ಲಿ ಬಂದದ್ದು ಬಿಡಿಬಿಡಿ ಕೆಲಸ: 2009ರಲ್ಲಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆಗಾಗಿ ‘ಚೇಸ್ ದ ಟಿಯರ್’ ಎಂಬ ಹಾಡು, ‘ಹೈ-ರೈಸ್’ ಸಿನಿಮಾಕ್ಕಾಗಿ ಆಬಾ ತಂಡದ ‘ಎಸ್‌ಒಎಸ್’ ಹಾಡಿನ ಕಡುವಾದ ಮರುರೂಪ. 2022ರ ಮೇ 2ರಂದು ಯುಕ್ರೇನಿನ ಮಕ್ಕಳ ನೆರವಿಗಾಗಿ ಬ್ರಿಸ್ಟಲ್‌ನಲ್ಲಿ ನಡೆದ ಕಛೇರಿಯಲ್ಲಿ ಐದು ಹಾಡು ನುಡಿಸಿದರು. ಬ್ಯಾರೋ ಬೀಕ್ ಎಂಬ ಇನ್ನೊಂದು ತಂಡ ಕಟ್ಟಿದ್ದಲ್ಲದೆ ಬೆನ್ ಸಾಲ್ಸ್‌ಬರಿ ಜೊತೆಗೂಡಿ ‘ಎಕ್ಸ್ ಮಾಕಿನಾ’, ‘ಅನೈಅಲೇಷನ್’ ಸಿನಿಮಾಗಳಿಗೆ ಸಂಗೀತ ಕೊಟ್ಟರು. ಇಲ್ಲದ ಸಿನಿಮಾಗಳಿಗೆ ಹಿನ್ನೆಲೆ ಸಂಗೀತ ಬರೆಯುತ್ತ ಬಂದವರಿಗೆ ಇದು ಸಹಜವಾದ ಮುಂದಿನ ಹೆಜ್ಜೆ. ಅಟ್ಲಿ ಹಲವು ಗಿಟಾರ್‌ಗಳ ವಾದ್ಯವೃಂದ ಕಟ್ಟಿ ಅಮೆರಿಕದ ಸಂಗೀತಕಾರ ಟೆರಿ ರೈಲಿಯ ‘ಇನ್ ಸಿ’ ರಚನೆಯನ್ನು ನುಡಿಸಿದರು.

ಗಿಬ್ಬನ್ಸ್ ಹಿಡಿದದ್ದು ಇನ್ನೂ ಕಠಿಣವಾದ ದಾರಿ. ಪೋಲಿಶ್ ಭಾಷೆ ಬಾರದಿದ್ದರೂ ಪೋಲೆಂಡಿನ ಸಂಗೀತಕಾರ ಗೊರೆಟ್ಸ್‌ಕಿಯ ಮೂರನೆಯ ಸಿಂಫನಿಯ ಗಾಯನಭಾಗವನ್ನು ಕಲಿತು, ಸಂಗೀತಕಾರ ಪೆಂಡೆರೆಟ್ಸ್‌ಕಿಯ ನಿರ್ದೇಶನದಲ್ಲಿ 2014ರಲ್ಲಿ ವಾರ್ಸಾದಲ್ಲಿ ಹಾಡಿದರು. ಅದರ ಮುದ್ರಿಕೆ 2019ರಲ್ಲಿ ಬಂತು. ಸೊಪ್ರಾನೊ ಎಂಬ ತಾರಸ್ಥಾಯಿಯ ಹೆಣ್ಣುಕಂಠಕ್ಕೆಂದು ಬರೆದ ಭಾಗವದು, ಗಿಬ್ಬನ್ಸ್ ಅವರದು ತಗ್ಗಿನ ಕಂಠ. 2022ರಲ್ಲಿ ಅಮೆರಿಕದ ರ‍್ಯಾಪರ್ ಕೆಂಡ್ರಿಕ್ ಲಮಾರ್ ತನ್ನ ‘ಮದರ್ ಐ ಸೋಬರ್’ ಹಾಡಿಗೆ ಅವರ ದನಿಯನ್ನು ಕೇಳಿ ಪಡೆದ. 2024ರ ಮೇ ತಿಂಗಳಲ್ಲಿ, ಸುಮಾರು 60ರ ವಯಸ್ಸಿನಲ್ಲಿ, ‘ಲೈವ್ಸ್ ಔಟ್‌ಗ್ರೋನ್’ ಎಂಬ ಅವರ ಸ್ವಂತ ಹೆಸರಿನ ಮೊದಲ ಆಲ್ಬಮ್ ಬಂದಿತು, ತಾಯ್ತನ, ಮುಪ್ಪು, ಹತ್ತಿರದವರ ಸಾವುಗಳ ಬಗೆಗಿನ ಹಾಡುಗಳೊಂದಿಗೆ. ಹಿಪ್ ಹಾಪ್‌ನಿಂದ ಬಂದ ಡ್ರಮ್ ಸದ್ದು ಈ ಸಲ ಬೇಡವೆಂದು ತೀರ್ಮಾನಿಸಿ, ಟಾಕ್ ಟಾಕ್ ತಂಡದ ಡ್ರಮ್ ವಾದಕ ಲೀ ಹ್ಯಾರಿಸ್ ಜೊತೆ ಕುಳಿತು ಅಡುಗೆಯ ಅಗಲ ಬಾಣಲೆ, ತಗಡು, ಚರ್ಮದ ನೀರಿನ ಚೀಲ ಮೊದಲಾದವನ್ನು ತಟ್ಟಿ ನೋಡಿದರು. ಮಂದ್ರದ ಗುಮ್ ಎನ್ನುವ ಬಡಿತಕ್ಕಾಗಿ ಅವರಿಗೆ ಒದಗಿದ್ದು ಪರದೆ ಬಟ್ಟೆ ತುಂಬಿದ ಒಂದು ಪೆಟ್ಟಿಗೆ.